ಚೆಂಡಿನ ಬೆನ್ನಿಗಿದ್ದ ರೆಫರಿ

ಪ್ರಿಲೆಪ್ ಊರಿನಲ್ಲಿ ಒಣಹಾಕಲು ಹೊಗೆಸೊಪ್ಪು ಪೋಣಿಸದ ಮನೆಯಿಲ್ಲ, ಸಿಗರೇಟು ಸೇದುವವನನ್ನು ಯಾರೂ ತಿರುಗಿ ನೋಡುವುದೂ ಇಲ್ಲ. ಎಲೆಕ್ಟ್ರಿಷಿಯನ್ ನೌಮೆ ಮೀಸೆ ಚಿಗುರಿದಾಗಿನಿಂದ ಸೇದುತ್ತಿದ್ದ. ವಾರವೆಲ್ಲ ಕಂಬ ಹತ್ತುತ್ತಿದ್ದ, ಭಾನುವಾರ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗುತ್ತಿದ್ದ. ತನ್ನ ಮೈ ಗಟ್ಟಿಯೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಒಂದು ಪಂದ್ಯ ಇನ್ನೇನು ಮುಗಿಯಬೇಕು ಎನ್ನುವಾಗ ಚೆಂಡು ಈ ತುದಿಯಿಂದ ಆ ತುದಿಗೆ ಚಿಮ್ಮಿತು. ನೌಮೆ ಬೆನ್ನಟ್ಟಿದ. ಮೈದಾನದ ನಡುವೆಯೇ ಎದೆ ಕಟ್ಟಿತು, ಕಾಲು ಭಾರವಾಯಿತು. ದೂರದಲ್ಲಿ, ಗೋಲಿನ ಮುಂದೆ, ಆಟಗಾರನೊಬ್ಬ ಉರುಳಿದ್ದು ಕಂಡಿತು, ಯಾಕೆಂದು ಕಾಣಲಿಲ್ಲ. ಅಂದಾಜಿನ ಮೇಲೆ ಪೆನಾಲ್ಟಿ ಕೊಟ್ಟುಬಿಟ್ಟ.

"ನೌಮೆ, ದುರ್ಬೀನು ತಂದಿದ್ಯೇನಪ್ಪಾ?" ಬೇಲಿಯಾಚೆಯಿಂದ ಯಾರೋ ಕೂಗಿದರು.

ಪಂದ್ಯ ಮುಗಿದ ಮೇಲೆ ಬಿದ್ದವನೇ ಬಂದು, "ನಾನೇ ಜಾರಿದ್ದು ಅಣ್ಣ, ಯಾರೂ ಮುಟ್ಟಿರ್ಲಿಲ್ಲ" ಎಂದ. ನೌಮೆಗೆ ತಲೆ ಎತ್ತಲಾಗಲಿಲ್ಲ.

ಸಂಜೆ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕ ದೊಂಕಾಳ ಮನೆಗೆ ಹೋದ.

"ಇವತ್ತು ಓಡೋಕೆ ಉಸಿರೇ ಸಾಲಲಿಲ್ಲ. ವಯಸ್ಸಾಯ್ತು ಅನ್ಸತ್ತೆ ಅಕ್ಕಾ."

"ನಲವತ್ತಕ್ಕೆ ಎಂಥಾ ವಯಸ್ಸೋ? ಕೈ ಕೊಡು." ಅವಳು ನಾಡಿ ಹಿಡಿದಳು. "ಕೂತಿರುವಾಗ್ಲೇ ಎದೆ ಇಷ್ಟು ಬಡ್ಕೋತಿದೆ. ಓಡೋವಾಗ ಕೊಡೋಕೆ ಇನ್ನೇನು ಉಳಿದಿರತ್ತೆ? ನಿನ್ನ ರಕ್ತದಲ್ಲಿ ಆಮ್ಲಜನಕ ಕೂರೋ ಜಾಗಾನ ಹೊಗೆಯ ವಿಷಗಾಳಿ ಹಿಡ್ಕೊಂಡಿದೆ ಕಣೋ. ಕಾಲಿಗೆ ಸಿಗೋದು ಮಿಕ್ಕಿದ್ದಷ್ಟೇ."

"ಕಂಬ ಹತ್ತೋವಾಗ ಏನೂ ಆಗಲ್ವಲ್ಲ."

"ಕಂಬದ ಮೇಲೆ ಚೆಂಡು ಓಡಲ್ಲ."

ನೌಮೆ ನಕ್ಕ. ಮನೆಗೆ ಬಂದವನೇ ಜೇಬಿನ ಸಿಗರೇಟು ಪ್ಯಾಕೆಟ್ಟನ್ನು ಒಲೆಗೆ ಹಾಕಿದ.

ಮೊದಲ ವಾರಗಳಲ್ಲಿ ಹೆಂಡತಿ ವೆಲಿಕಾಳ ಮೇಲೆ ಸುಮ್ಮಸುಮ್ಮನೆ ರೇಗಿದ. ಕೆಮ್ಮು ಮೊದಲಿಗಿಂತ ಹೆಚ್ಚಾಯಿತು. "ಸೇದ್ತಿದ್ದಾಗ್ಲೇ ಚೆನ್ನಾಗಿದ್ದೆ ಬಿಡು" ಎಂದು ಗೆಳೆಯರು ಛೇಡಿಸಿದರು. ಆದರೂ ಅವನು ಮತ್ತೆ ಸಿಗರೇಟು ಮುಟ್ಟಲಿಲ್ಲ, ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಓಡಲು ಶುರುಮಾಡಿದ್ದನ್ನೂ ಬಿಡಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಒಂದು ದಿನ ವೆಲಿಕಾಳ ಜೊತೆ ಊರ ಹಿಂದಿನ ಬಂಡೆಗುಡ್ಡ ಹತ್ತುತ್ತಿದ್ದ. ನೆತ್ತಿ ಬಂದಾಗ ಅವಳು ಅಂದಳು, "ದಾರಿಯುದ್ದಕ್ಕೂ ಏದುಸಿರಿಲ್ದೆ ಒಂದೇ ಸಮ ಮಾತಾಡಿದ್ದೀಯ, ಗೊತ್ತಾಯ್ತಾ?" ಅವನಿಗೆ ಗೊತ್ತಾಗಿರಲಿಲ್ಲ.

ವಸಂತದಲ್ಲಿ ರೆಫರಿಗಳ ಓಟದ ಪರೀಕ್ಷೆಯಲ್ಲಿ ಎಳೆಯರ ಸಮಕ್ಕೆ ಓಡಿದ. ಮೊದಲ ಪಂದ್ಯದಲ್ಲೇ ಚೆಂಡು ಗೋಲಿನ ಗೆರೆ ದಾಟಿತೋ ಇಲ್ಲವೋ ಎಂದು ಜಗಳವೆದ್ದಿತು.

"ನೀನು ನೋಡಿದ್ಯಾ?" ಎಂದು ಒಂದು ತಂಡದ ನಾಯಕ ಮೈಮೇಲೇರಿ ಬಂದ.

"ಗೆರೆ ಪಕ್ಕದಲ್ಲೇ ಇದ್ದೆ ಕಣಯ್ಯಾ. ದಾಟಿಲ್ಲ, ಆಡು" ಎಂದು ನೌಮೆ ತಣ್ಣಗೆ ಹೇಳಿದ. ಅಷ್ಟರಲ್ಲಿ ಚೆಂಡು ಇನ್ನೊಂದು ತುದಿಗೆ ಹೊರಟಿತ್ತು, ಅವನೂ ಹೊರಟ.