ತ್ರಿಶಲಾ ಕಾಕುವಿನ ಗಂಟಲು

ತ್ರಿಶಲಾ ಕಾಕು ಒಮ್ಮೆ ಗುರುಗುಟ್ಟಿದರೆ ಓಣಿಯ ನಾಯಿಗಳು ಕಟ್ಟೆ ಇಳಿದು, ಬಾಲ ಮುದುರಿಕೊಂಡು ಹೋಗುತ್ತಿದ್ದವು. ನೋಡಲು ನನ್ನ ಭುಜಕ್ಕೂ ಬಾರದ ಹೆಂಗಸು. ಇರುವೆ ಕಂಡರೆ ಸೀರೆ ಎತ್ತಿ ದಾಟಿ ನಡೆಯುವವಳು. ಆದರೆ ಆ ಗಂಟಲಿನೊಳಗೆ ಎಂಥೆಂಥ ಪ್ರಾಣಿಗಳಿದ್ದವೋ! ಸಮುದ್ರದ ತಳದಿಂದ ಎದ್ದು ಬಂದವು, ಬೇರೆ ಗ್ರಹದಿಂದ ಇಳಿದವು, ಯಾವನೋ ಹುಚ್ಚು ವಿಜ್ಞಾನಿಯ ಗಾಜಿನ ಪಾತ್ರೆಯಲ್ಲಿ ಹುಟ್ಟಿದವು. ಎಲ್ಲವೂ ನಮ್ಮ ಕಾಗವಾಡದ ಕನ್ನಡ ಮಾತಾಡುತ್ತಿದ್ದವು. ಸಿಟ್ಟು ಬಂದರೆ ಮಾತ್ರ ಮರಾಠಿ.

ಮದುವೆಯಾದ ಹೊಸದರಲ್ಲಿ ಅವಳ ಗಂಡ ಕಾಕಾ ಸಾಂಗಲಿಯಿಂದ ಹಳೆಯ ಕಪ್ಪು-ಬಿಳುಪು ರಾಕ್ಷಸರ ಸಿನಿಮಾಗಳ ಕ್ಯಾಸೆಟ್ಟು ತರುತ್ತಿದ್ದನಂತೆ. ಮಾತೆಲ್ಲ ಇಂಗ್ಲಿಷು. ಮನೆ ತುಂಬ ಕೂತವರಿಗೆ ಒಂದಕ್ಷರ ತಿಳಿಯದು. ಕಾಕು ಎದ್ದು ಟಿವಿಯ ದನಿ ಪೂರ್ತಿ ಇಳಿಸಿ ತಾನೇ ಮಾತಾಡತೊಡಗಿದಳು. ಕಾಕಾ ತೀರಿಕೊಂಡ, ಕ್ಯಾಸೆಟ್ಟುಗಳ ಕಾಲವೂ ಮುಗಿಯಿತು, ಕಾಕುವಿನ ಚಟ ಮಾತ್ರ ಉಳಿಯಿತು.

ಪಕ್ಕದ ಮನೆಯ ನಾನು ಆ ಚಟಕ್ಕೆ ಪ್ರೊಜೆಕ್ಟರ್ ಜೋಡಿಸಿದವನು. ಅಕ್ಟೋಬರಿನಲ್ಲಿ ಕಾಕುವಿನ ತೋಟದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಛಾಟಣಿ ಮುಗಿದಿರುತ್ತದೆ, ಒಣದ್ರಾಕ್ಷಿ ಮಾಡುವ ಶೆಡ್ಡು ಖಾಲಿ ಇರುತ್ತದೆ. ಅಲ್ಲಿ ಹಣ್ಣು ಹರವಲು ಅಂತಸ್ತು ಅಂತಸ್ತಾಗಿ ಕಟ್ಟಿದ ತಂತಿಬಲೆಯ ಜಾಳಿಗಳಿಗೆ ಒಂದು ಬಿಳಿ ಚಾದರ ಬಿಗಿದರೆ ಪರದೆ ತಯಾರು. ಗಾಳಿ ಬೀಸಿದಾಗ ಜಾಳಿಗಳು ತಾವಾಗಿಯೇ ನರಳುತ್ತವೆ, ಅದಕ್ಕೆ ಬೇರೆ ಸಂಗೀತ ಬೇಡ. ಮೊಬೈಲು ನೋಡಿ ನೋಡಿ ಹ್ಯಾಲೋವೀನಿನ ಹುಚ್ಚು ಹತ್ತಿಸಿಕೊಂಡಿದ್ದ ನಾನು ತಿಂಗಳ ಕೊನೆಯ ದಿನವೇ ಆಟ ಇಡಬೇಕೆಂದು ಹಟ ಹಿಡಿದೆ.

"ಪರದೇಶದಾಗ ಅವತ್ತ ದೆವ್ವಗೋಳ ಹಬ್ಬರಿ ಕಾಕು."

"ಹೌದಾ? ಅವಕ್ಕ ಉಣ್ಣಾಕ ಏನ್ ಕೊಡ್ತಾರ?"

"ಚಾಕ್ಲೇಟರಿ. ಕತ್ತಲಾದ ಮ್ಯಾಲ ಮನಿಮನಿಗೆ ಹೋಗಿ ಇಸ್ಕೊಂಡ ತಿಂತಾವ."

"ಹೊತ್ತ ಮುಳುಗಿದ ಮ್ಯಾಲ? ದೆವ್ವ ಆದ್ರ ಏನಾತೋ, ಒಂದ್ ಶಿಸ್ತ ಬ್ಯಾಡೇನು?"

ಕಾಕು ಜೈನರ ಪೈಕಿ ಕಟ್ಟಾ ನೇಮದ ಹೆಂಗಸು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಚಾತುರ್ಮಾಸದ ನಾಲ್ಕು ತಿಂಗಳಂತೂ ಒಂದು ಗುಟುಕು ನೀರೂ ಇಲ್ಲ. ಅವಳ ರಾಕ್ಷಸರಿಗೂ ಅದೇ ಕಟ್ಟುಪಾಡು. ಪರದೆಯ ಮೇಲೆ ಪ್ರಾಣಿ ಬಾಯಿ ಅಗಲಿಸಿಕೊಂಡು ಜನರ ಬೆನ್ನಟ್ಟುತ್ತಿದ್ದರೆ ಕಾಕುವಿನ ದನಿ, "ಓಡಬ್ಯಾಡ್ರೋ, ನಂದ ಊಟ ಆಗೇತಿ! ನಾ ಬರೇ ದಾರಿ ಕೇಳಾಕ ಬಂದೇನಿ!" ಎನ್ನುತ್ತಿತ್ತು. ಮಾತು ಇಷ್ಟು ಸಾದಾ. ಆದರೆ ಅದು ಬರುತ್ತಿದ್ದ ದನಿಗೆ ದ್ರಾಕ್ಷಿ ಕೆಲಸದ ಹೆಣ್ಣುಮಕ್ಕಳು ಒಬ್ಬರ ಸೆರಗಿನಲ್ಲಿ ಒಬ್ಬರು ಮುಖ ಮುಚ್ಚಿಕೊಳ್ಳುತ್ತಿದ್ದರು. ನಾನು ಯಾರ ಸೆರಗೂ ಸಿಗದೆ ಪ್ರೊಜೆಕ್ಟರಿನ ಡಬ್ಬಿಯಲ್ಲಿ ತಲೆ ತೂರಿಸುತ್ತಿದ್ದೆ.

ಮೊದಲ ವರ್ಷ ನಾನು ಹಬ್ಬದ ಪದ್ಧತಿ ಪ್ರಕಾರ ಕುಂಬಳಕಾಯಿಗೆ ಮುಖ ಕೆತ್ತಿದೆ. ರಾಕ್ಷಸನನ್ನು ಮಾಡಲು ಹೋದರೆ ಅದು ನಮ್ಮ ಸೋದರಮಾವನಾಯಿತು. ಅವ್ವ ಅದನ್ನು ನೋಡಿ "ಯಾವಾಗ ಬಂದಿ ಅಣ್ಣಾ?" ಎಂದು ಕೇಳಿದಳು ಎಂದರೆ ನೀವು ನಂಬುವುದಿಲ್ಲ. ಮರುದಿನ ಪಲ್ಯಕ್ಕೆಂದು ಅವ್ವ ಈಳಿಗೆ ತೆಗೆದಾಗ ಕಾಕು ಓಡಿ ಬಂದು ಕಾಯಿಯನ್ನು ಅವುಚಿಕೊಂಡಳು.

"ಕಣ್ಣ ಕೊಟ್ಟಾನ, ಬಾಯಿ ಕೊಟ್ಟಾನ. ಮುಖ ಮಾಡಿದ ಮ್ಯಾಲ ಇನ್ನ ಕೊಯ್ಯೂದಂದ್ರ ಅದು ಕೊಲಿ ಆಗ್ತೈತಿ, ತಂಗೀ."

ಹೀಗೆ ಸೋದರಮಾವ ನಮ್ಮ ಕಟ್ಟೆಯ ಮೇಲೆ ಕೊಳೆತು ನಾರುವ ತನಕ ಕೂತಿದ್ದ. ಕೊನೆಗೆ ತೋಟದ ಬದುವಿನಲ್ಲಿ ಮಣ್ಣು ಮಾಡಿದೆ. ಬಳ್ಳಿ ಹಬ್ಬಿ ಮುಂದಿನ ವರ್ಷ ಬುಟ್ಟಿಗಟ್ಟಲೆ ಕಾಯಿ ಬಿಟ್ಟಿತು. ಕಾಕು ಒಂದಕ್ಕೂ ಚಾಕು ಮುಟ್ಟಿಸಗೊಡದೆ ನನ್ನಿಂದ ದೂರ ಬಚ್ಚಿಟ್ಟಳು.

ಹೋದ ವರ್ಷ ಕಾಕುವಿನ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿತು. ಮೀರಜಿನ ಡಾಕ್ಟರು ಆಪರೇಶನ್ ಮಾಡಿ ತೆಗೆಯಲೇಬೇಕೆಂದರು. ದನಿಯ ನರ ಅದರ ಮಗ್ಗುಲಲ್ಲೇ ಇದೆ, ಉಳಿಯಬಹುದು, ಉಳಿಯದೆಯೂ ಇರಬಹುದು ಎಂದೂ ಹೇಳಿದರು. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಕಾಕು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಹೇಳಿದ ಯಾವ ಜೋಕಿಗೂ ನಗಲಿಲ್ಲ. ಊರು ಹತ್ತಿರ ಬಂದಾಗ ತಿರುಗಿದಳು.

"ಬಾಳ್ಯಾ, ಆಪರೇಶನ್ ಮದಲ ಒಂದ್ ಆಟ ಮಾಡೂಣು. ನೀ ಮೊಬೈಲದಾಗ ಹಿಡದ ಇಡು. ನನ್ನ ದನಿ ಹೆಂಗಿತ್ತು ಅಂತ ನಾಳೆ ನನಗರ ನೆನಪ ಇರಬೇಕಲ್ಲ."

ಇಂಥ ಕೆಲಸವನ್ನು ಯಾರಿಗಾದರೂ ಕೊಡಬಹುದಿತ್ತು. ಕರೆಂಟು ಬಿಲ್ಲು ಕಟ್ಟಲು ಹೋಗಿ ಪಕ್ಕದ ಮನೆಯವರ ಬಿಲ್ಲು ಕಟ್ಟಿ ಬರುವ ನನಗೆ ಕೊಟ್ಟಳು.

ಆವತ್ತು ಹೊತ್ತು ಮುಳುಗುವ ಮೊದಲೇ ಕಾಕು ಊಟ ಮಾಡಿ, ಕೊನೆಯ ತಂಬಿಗೆ ನೀರು ಕುಡಿದು ಶೆಡ್ಡಿಗೆ ಬಂದಳು. ಗಂಟಲು ಒಣಗಗೊಡಬಾರದು ಎಂದು ಡಾಕ್ಟರು ಹೇಳಿದ್ದರು. ಚಾತುರ್ಮಾಸ ಮುಗಿದಿರಲಿಲ್ಲ. ನಾನು ಬಾಟಲಿ ತುಂಬಿಸಿ ಹಿಡಿದುಕೊಂಡು ಅವಳ ಪಕ್ಕದಲ್ಲೇ ಕೂತೆ. ಇನ್ನೊಂದು ಕೈಯಲ್ಲಿ ಮೊಬೈಲು. ಕೆಂಪು ಚುಕ್ಕೆ ಹೊತ್ತಿಕೊಂಡಿದೆಯೆಂದು ನೋಡಿ ಸಮಾಧಾನಪಟ್ಟು, ಮೊಬೈಲಿನ ಬೆಳಕು ಪೂರ್ತಿ ಇಳಿಸಿದೆ.

ಚಾದರದ ಮೇಲೆ ಸಮುದ್ರ ಕಾಣಿಸಿತು. ನೀರು ಉಬ್ಬಿ, ಮೈತುಂಬ ಹುರುಪೆಯ ಪ್ರಾಣಿಯೊಂದು ಮೇಲೆದ್ದಿತು. ಕಾಕು ಗುರುಗುಟ್ಟಿದಳು. ಮಕ್ಕಳು ಅವ್ವಂದಿರ ತೊಡೆ ಏರಿದವು. ಪ್ರಾಣಿ ದಂಡೆ ದಾಟಿತು, ಓಣಿ ದಾಟಿತು, ಒಂದು ಮನೆಯ ಬಾಗಿಲು ದೂಡಿತು. ಒಳಗೆ ಒಬ್ಬಳೇ ಹುಡುಗಿ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಪ್ರಾಣಿ ಬಾಯಿ ತೆರೆಯಿತು.

ದನಿ ಬರಲಿಲ್ಲ.

ಪ್ರಾಣಿ ಮತ್ತೆ ಬಾಯಿ ತೆರೆಯಿತು. ಜಾಳಿಗಳಷ್ಟೇ ಕಿರುಗುಟ್ಟಿದವು. ಇದು ಕತೆಯೋ ಕಾಕುವೋ ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಪರದೆ ಬಿಟ್ಟು ಅವಳ ಕಡೆ ತಿರುಗಿದರು. ಕಾಕು ಕುತ್ತಿಗೆ ಹಿಡಿದುಕೊಂಡಿದ್ದಳು. ತುಟಿ ಅಲುಗುತ್ತಿತ್ತು, ಒಳಗಿಂದ ಬರೀ ಉಸಿರು.

"ನೀರ ಕುಡೀರಿ ಕಾಕು, ನಿಮ್ಮ ಕಾಲ ಬೀಳ್ತೇನಿ," ಎಂದು ಬಾಟಲಿ ಒಡ್ಡಿದೆ. ಕಾಕು ಬಾಟಲಿಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಬೆರಳ ತುದಿಯಿಂದ ಅದನ್ನು ಆಚೆ ಸರಿಸಿ, ಪರದೆಯ ಕಡೆ ಕೈಮಾಡಿದಳು. ನೀನು ಮಾತಾಡು ಎಂದು.

ನಾನು ಎದೆ ತುಂಬ ಉಸಿರೆಳೆದು ಗರ್ಜಿಸಿದೆ. ಹೊರಬಿದ್ದದ್ದು ಬಾವಿಗೆ ಬಿದ್ದ ಆಡಿನ ಮರಿಯ ದನಿ. ಯಾರೂ ನಗಲಿಲ್ಲ. ನನ್ನ ಜೀವಮಾನದಲ್ಲಿ ನನ್ನನ್ನು ನೋಡಿ ಜನ ನಗದಿದ್ದದ್ದು ಅದೊಂದೇ ಸಲ. ಕಾಕು ನನ್ನ ಮುಂಗೈ ಒತ್ತಿ ಹಿಡಿದಳು. ಉಗುಳು ನುಂಗಿದಳು, ಇನ್ನೊಮ್ಮೆ ನುಂಗಿದಳು. ನೆಲದ ಅಡಿಯಿಂದ ಬಂದಂತೆ ದನಿ ಎದ್ದಿತು.

"ಅಂಜಬ್ಯಾಡವ್ವಾ. ನಾ ನೀರ ಬಿಟ್ಟ ಬಂದೇನಿ. ತಿರುಗಿ ಹೋಗೂ ದಾರಿ ತೋರಸು."

ಕೊನೆಯಲ್ಲಿ ಒಂದು ಗುರುಗುಟ್ಟು. ಅದಕ್ಕೆ ನನ್ನ ಕೈಯ ಬಾಟಲಿ ಜಾರಿ ಬಿತ್ತು.

ಮನೆಗೆ ಬಂದು ಮೊಬೈಲು ತೆರೆದೆ. ಮುಂದಿನ ಕ್ಯಾಮೆರಾ ಚಾಲೂ ಇತ್ತು. ಸಮುದ್ರವಿಲ್ಲ, ಪ್ರಾಣಿಯಿಲ್ಲ, ಕಾಕುವೂ ಇಲ್ಲ. ಪೂರ್ತಿ ಆಟದುದ್ದಕ್ಕೂ ಕಣ್ಣು ಕಿಸಿದ, ಬಾಯಿ ಬಿಟ್ಟ, ಮೂಗಿನ ಹೊಳ್ಳೆಗಳೇ ದೊಡ್ಡದಾಗಿ ಕಾಣುವ ನನ್ನ ಮೋರೆ. ಮೀರಜಿಗೆ ಹೊರಡುವ ಮುಂಜಾನೆ ಕಾಕುವಿಗೆ ತೋರಿಸಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

"ದನಿ ಐತಲ್ಲೋ ಖೋಡಿ. ಸಾಕ್ ಬಿಡು."

ಅದು ಅವಳ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು. ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಾಕು ಗಟ್ಟಿಯಾಗಿಯೇ ತಿರುಗಿ ಬಂದಳು. ದನಿ ಬರಲಿಲ್ಲ. ಈಗ ಅವಳು ಮಾತಾಡಿದರೆ ಒಲೆ ಊದಿದಂತೆ ಕೇಳುತ್ತದೆ. ಕಟ್ಟೆಯ ಮೇಲೆ ನಾಯಿಗಳು ಆರಾಮಾಗಿ ಮಲಗಿರುತ್ತವೆ, ಅವಳೇ ಬಳಸಿಕೊಂಡು ಹೋಗುತ್ತಾಳೆ.

ಈ ವರ್ಷವೂ ಚಾದರ ಕಟ್ಟಿದೆವು. ನಾನು ರಾಕ್ಷಸನಾಗಿ ಬಾಯಿ ತೆರೆದ ಕೂಡಲೇ ಮಕ್ಕಳು "ಆಡ ಬಂತಲೇ ಆಡ!" ಎಂದು ಕೂಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಕಾಕು ನನ್ನ ಅಂಗಿ ಜಗ್ಗಿ ಮೊಬೈಲಿನತ್ತ ಕೈಮಾಡಿದಳು. ಹೋದ ವರ್ಷ ಹಿಡಿದದ್ದನ್ನು ಪ್ರೊಜೆಕ್ಟರಿಗೆ ಹಾಕಿದೆ. ಚಾದರದ ತುಂಬ ನನ್ನ ಮೋರೆ ಎದ್ದಿತು.

"ಕಾಕು, ಇದ್ಯಾವ ರಾಕ್ಷಸರಿ?" ಎಂದು ಒಂದು ಹುಡುಗಿ ಚೀರಿದಳು.

ಕಾಕುವಿನ ಭುಜಗಳು ಸದ್ದಿಲ್ಲದೆ ಕುಣಿದವು. ಆಮೇಲೆ ಅವಳ ಹಳೆಯ ದನಿಯಲ್ಲಿ "ನಾ ನೀರ ಬಿಟ್ಟ ಬಂದೇನಿ" ಎಂಬ ಮಾತು ಬಂತು. ಅವಳ ತುಟಿಗಳೂ ಅದರ ಜೊತೆಗೇ ಆಡಿದವು. ಕೊನೆಯ ಗುರುಗುಟ್ಟು ಶೆಡ್ಡಿನ ತುಂಬ ಹರಿಯಿತು.

ಹೊರಗೆ ಮಲಗಿದ್ದ ನಾಯಿಗಳು ಎದ್ದು, ಬಾಲ ಮುದುರಿಕೊಂಡು ತೋಟದ ಕಡೆ ಹೋದವು. ಕಾಕು ಪರದೆಯನ್ನು ಬಿಟ್ಟು, ಅವು ಕತ್ತಲಲ್ಲಿ ಕಾಣದಾಗುವ ತನಕ ಅವನ್ನೇ ನೋಡುತ್ತ ಕೂತಳು.