ಯಾರ ಗಡಿಯಾರದ ಎಂಟು?

ಮಿಕೊಕೊನಿಯ ದೋಣಿಕಟ್ಟೆಗೆ ಬಂದಿಳಿದವರು ಯಾರೇ ಆಗಲಿ, ಮೊದಲು ನಿಲ್ಲಬೇಕಾದದ್ದು ಊರೆಲ್ಲ ಅಮ್ಮ ಎನ್ನುವ ಹಾಗೆ ಬಿ ಎಂದು ಕರೆಯುವ ಮ್ವಾನಕೊಂಬೊಳ ಚಹಾದಂಗಡಿಯ ಮುಂದೆ. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಏಕೆಂದರೆ ಆಕೆಯ ಮಾತು ಕೇಳದೆ ಮುಂದೆ ಹೋಗಲು ಆಕೆ ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಕೈಯಲ್ಲಿ ಜಾಲರಿ ಸೌಟು ಹಿಡಿದು ಎಣ್ಣೆಯಲ್ಲಿ ಸಿಹಿ ಬೋಂಡದಂಥ ಮಂದಾಜಿ ತಿರುವುತ್ತಾ, ಇನ್ನೊಂದು ಕೈಯಿಂದ ಪ್ರಯಾಣಿಕರನ್ನು ಕರೆದು ನಿಲ್ಲಿಸಿ, ಮೂವತ್ತೆರಡು ವರ್ಷಗಳಿಂದ ಆಕೆ ಶುಂಗುನಿ ದ್ವೀಪಕ್ಕೆ ಹೋಗುವವರ ಬಾಳು ನೆಟ್ಟಗೆ ಮಾಡುತ್ತಿದ್ದಳು.

"ಶೂ ಬಿಚ್ಚು ಮಗನೇ, ಪ್ಯಾಂಟು ಮೊಣಕಾಲ್ ಮೇಲಕ್ಕೆ ಮಡಚು. ದೋಣಿ ನಿನ್ನ ಹತ್ರ ಬರಲ್ಲ, ನೀನೇ ನೀರಿಗಿಳಿದು ಅದರ ಹತ್ರ ಹೋಗ್ಬೇಕು."

"ಬರೀ ಹತ್ತು ಸಾವಿರ ಶಿಲಿಂಗಿನ ನೋಟು ಇಟ್ಕೊಂಡು ಹೊರಟ್ಯಾ? ಅಲ್ಲಿ ನಿಂಗೆ ಚಿಲ್ಲರೆ ಕೊಡೋಕೆ ಅಂತ ಯಾರಮ್ಮಾ ಕೂತಿದಾರೆ?"

"ಆ ಪ್ಲಾಸ್ಟಿಕ್ ಚೀಲ ಬಿಸಾಕು, ದಂಡ ಹಾಕ್ತಾರೆ. ತಗೋ, ಗರಿ ಬುಟ್ಟಿ." ಬುಟ್ಟಿಯೂ ಆಕೆಯ ಅಂಗಡಿಯದೇ ಎಂದು ಬೇರೆ ಹೇಳಬೇಕಾಗಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಪಾಠ ಇನ್ನೊಂದಿತ್ತು. ಹಿರಿಯರನ್ನು ಕಂಡೊಡನೆ ಶಿಕಮೋ ಅನ್ನಬೇಕು, ಅವರು ಮರಹಬಾ ಅನ್ನುವ ತನಕ ಬೇರೆ ಮಾತು ಎತ್ತಬಾರದು. "ಚೀಲದಲ್ಲಿ ಏನೇ ಮರೆತು ಬಂದ್ರೂ ನಡೆಯುತ್ತೆ, ಇದೊಂದು ಮರೀಬೇಡ," ಎನ್ನುತ್ತಿದ್ದಳು. ಯಾವುದೋ ಕಚೇರಿಯವರು ಒಮ್ಮೆ ಪ್ರವಾಸಿಗರಿಗೆಂದು ಹಸಿರು ಬಣ್ಣದ ಪುಸ್ತಿಕೆ ಅಚ್ಚು ಹಾಕಿಸಿ ನೂರು ಪ್ರತಿ ಕಳಿಸಿದ್ದರು. ಅದರಲ್ಲಿ ಶಿಕಮೋ ಇರಲಿಲ್ಲ. ಮ್ವಾನಕೊಂಬೊ ಅದರ ಹಾಳೆ ಹರಿದು ಮಂದಾಜಿ ಕಟ್ಟಿಕೊಟ್ಟಳು.

ಆದರೆ ಆಕೆ ನಿಜಕ್ಕೂ ಬೀಗುತ್ತಿದ್ದದ್ದು ಗಡಿಯಾರದ ವಿಷಯದಲ್ಲಿ. ಆ ಸ್ವಾಹಿಲಿ ಕರಾವಳಿಯಲ್ಲಿ ದಿನದ ಎಣಿಕೆ ಸೂರ್ಯನ ಜೊತೆಗೇ ಶುರು. ಹೊತ್ತು ಹುಟ್ಟಿ ಒಂದು ತಾಸಾದರೆ ಒಂದು ಗಂಟೆ, ಎರಡು ತಾಸಾದರೆ ಎರಡು. ಹೊರಗಿನವರು ಬೆಳಗಿನ ಎಂಟು ಅನ್ನುವುದು ಇವರಿಗೆ ಎರಡು. ಪರದೇಶದವರು ಇದನ್ನು ತಿಳಿಯದೆ ದೋಣಿ ತಪ್ಪಿಸಿಕೊಂಡು, ಭರತದ ನೀರಿಳಿದು ಉಳಿದ ಕೆಸರು ನೋಡುತ್ತಾ ಕೂತು ಅತ್ತದ್ದನ್ನು ಆಕೆ ಕಂಡಿದ್ದಳು. ಆದ್ದರಿಂದ ಆಕೆ ತನಗೆ ತಾನೇ ಒಂದು ಕಾನೂನು ಮಾಡಿಕೊಂಡಿದ್ದಳು: ಪರದೇಶದವರು ಕೇಳಿದರೆ ಆರು ಕೂಡಿಸಿ ಹೇಳುವುದು, ನಮ್ಮವರು ಕೇಳಿದರೆ ಇದ್ದದ್ದನ್ನು ಇದ್ದಹಾಗೆ ಹೇಳುವುದು. ಮೂವತ್ತೆರಡು ವರ್ಷಗಳಲ್ಲಿ ಆ ಲೆಕ್ಕ ಒಮ್ಮೆಯೂ ಕೈಕೊಟ್ಟಿರಲಿಲ್ಲ. ತಪ್ಪು ಅನ್ನುವುದು ಬೇರೆಯವರಿಗೆ ಆಗುವಂಥದ್ದು ಎಂದು ಆಕೆ ನಂಬಿದ್ದಳು.

ಶುಂಗುನಿಯಲ್ಲಿ ಆಕೆಯ ಅಕ್ಕ ಬಿ ಮಿಜೆ ಇದ್ದಳು. ಆರು ವರ್ಷಗಳಿಂದ ಎರಡೂ ಕಣ್ಣಿಗೆ ಪೊರೆ ಬಂದು, ಈಗ ಹಗಲು ಯಾವುದು ಇರುಳು ಯಾವುದು ಅನ್ನುವಷ್ಟು ಮಾತ್ರ ಕಾಣುತ್ತಿತ್ತು. ತಂಗಿ ಹೋದಾಗೆಲ್ಲ ಅಕ್ಕ ಆಕೆಯ ಕೈ ಹಿಡಿದುಕೊಂಡು, "ನಿನ್ನ ಮುಖ ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ ಕಣೇ, ಒಂದು ಸುಕ್ಕಿಲ್ಲ," ಅನ್ನುತ್ತಿದ್ದಳು. ಮ್ವಾನಕೊಂಬೊ ಇಲ್ಲ ಅನ್ನುತ್ತಿರಲಿಲ್ಲ. ಕೇಳಲು ಹಿತವಾಗಿರುತ್ತಿತ್ತು, ಆಮೇಲೆ ಸುಳ್ಳಾಡಿದ ಹಾಗೆ ಅನ್ನಿಸುತ್ತಿತ್ತು.

ಆ ವರ್ಷ ಕಣ್ಣಿನ ಡಾಕ್ಟರೊಬ್ಬರು ಶುಂಗುನಿಗೆ ಬರುವ ಸುದ್ದಿ ಬಂತು. ಕೆಲಸ ಒಂದೇ ದಿನ, ಬುಧವಾರ. ಸಹಾಯಕರು, ಸಾಮಾನು ಎಲ್ಲ ಹಿಂದಿನ ಶುಕ್ರವಾರದ ದೋಣಿಯಲ್ಲೇ ಹೋಗಿಯಾಗಿತ್ತು. ಡಾಕ್ಟರು ಮಂಗಳವಾರದ ದೋಣಿಗೆ ಬರಬೇಕು. ಅದು ತಪ್ಪಿದರೆ ಮತ್ತೆ ದೋಣಿ ಶುಕ್ರವಾರ, ಡಾಕ್ಟರ ಮುಂದಿನ ಸರದಿ ಬರುವ ವರ್ಷ. ಹನ್ನೊಂದು ಜನರ ಹೆಸರು ಪಟ್ಟಿಯಲ್ಲಿತ್ತು. ಬಿ ಮಿಜೆಯದು ನಾಲ್ಕನೆಯದು.

ಸೋಮವಾರ ಮಧ್ಯಾಹ್ನ ಅಂಗಡಿಗೆ ಫೋನು ಬಂತು. ಹೆದ್ದಾರಿ ಊರಾದ ಕಿಬಿಟಿಯಿಂದ ಒಂದು ಹೆಣ್ಣುದನಿ, ಬಿಡಿಸಿ ಬಿಡಿಸಿ ಆಡಿದ, ಶಾಲೆ ಪುಸ್ತಕದ ಸ್ವಾಹಿಲಿ. "ನಾನು ಡಾಕ್ಟರ್ ಇಂಗೆಬೋರ್ಗ್. ನಾಳೆ ಶುಂಗುನಿಗೆ ದೋಣಿ ಎಷ್ಟು ಗಂಟೆಗೆ ಬಿ?"

ಇಂಗೆಬೋರ್ಗ್! ಆ ಹೆಸರಿಗೆ ಆ ಸ್ವಾಹಿಲಿ ಸೇರಿಸಿದರೆ ಇನ್ನೇನು ಬೇಕು? ಯೂರೋಪಿನವಳೇ ಎಂದು ಮ್ವಾನಕೊಂಬೊ ಒಂದೇ ಗಳಿಗೆಯಲ್ಲಿ ತೀರ್ಮಾನಿಸಿದಳು. ಅಕ್ಕನ ಕಣ್ಣಿನ ವಿಷಯ, ಎಚ್ಚರ ತಪ್ಪಬಾರದೆಂದು ಮನಸ್ಸಿನಲ್ಲೇ ದೋಣಿ ಬಿಡುವ ಹೊತ್ತಾದ ಎರಡಕ್ಕೆ ಆರು ಕೂಡಿಸಿದಳು.

"ಎಂಟಕ್ಕೆ ತಾಯಿ. ಸರಿಯಾಗಿ ಎಂಟಕ್ಕೆ. ನೀರು ಇಳಿಯೋಕೆ ಶುರುವಾದ್ರೆ ಯಾರ ಮಾತೂ ಕೇಳಲ್ಲ."

"ಎಂಟಕ್ಕಾ? ಒಳ್ಳೇದಾಯ್ತು. ನಿಧಾನವಾಗಿ ಹೊರಡಬಹುದು."

ಬೆಳಗಿನ ಎಂಟಕ್ಕೆ ನಿಧಾನವೇ? ಪರದೇಶದವರು ಹಕ್ಕಿ ನೋಡಲು ಕತ್ತಲಲ್ಲೇ ಏಳುವ ಜನ, ಅವರಿಗೆ ಅದೂ ನಿಧಾನವಿರಬೇಕು ಅಂದುಕೊಂಡಳು. ಬೆಳಗಿನದೋ ಮಧ್ಯಾಹ್ನದ್ದೋ ಅನ್ನುವ ಒಂದು ಮಾತು ಸೇರಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಎಣ್ಣೆ ಹೊಗೆಯಾಡುತ್ತಿತ್ತು. ಆಕೆ ಫೋನು ಇಟ್ಟಳು.

ಮಂಗಳವಾರ ಬೆಳಿಗ್ಗೆ ನೀರು ದಡದ ತುದಿ ಮುಟ್ಟಿತ್ತು. ಶೊಮಾರಿಯ ದೋಣಿಗೆ ಅಕ್ಕಿಮೂಟೆ, ತಗಡಿನ ಹಾಳೆ, ಕೋಳಿಬುಟ್ಟಿ ಎಲ್ಲ ಏರಿದವು. ಜನ ಏರಿದರು. ಡಾಕ್ಟರ ಸುಳಿವಿಲ್ಲ. ಆ ಊರಿನ ಒಂದೂವರೆಗೆ, ಅಂದರೆ ದೋಣಿ ಬಿಡಲು ಅರ್ಧ ತಾಸು ಉಳಿದಿರುವಾಗ, ಮ್ವಾನಕೊಂಬೊ ತಾನೇ ಫೋನು ಮಾಡಿದಳು.

"ಎಲ್ಲಿದೀಯಾ ತಾಯಿ?"

"ಕಿಬಿಟಿಯಲ್ಲೇ ಬಿ, ತಿಂಡಿ ತಿಂತಾ ಇದೀನಿ. ಈಗಿನ್ನೂ ಒಂದೂವರೆ ಅಲ್ವಾ? ದೋಣಿ ಎಂಟಕ್ಕೆ ತಾನೇ?"

ಸೌಟು ಹಿಡಿದ ಕೈ ಹಾಗೇ ನಿಂತಿತು. ಬೆಳಗಿನ ಈ ಹೊತ್ತನ್ನು ಒಂದೂವರೆ ಅನ್ನುವ ಯೂರೋಪಿನವರನ್ನು ಆಕೆ ಈ ಜನ್ಮದಲ್ಲಿ ಕಂಡಿರಲಿಲ್ಲ. ಆ ಲೆಕ್ಕದಲ್ಲಿ ಎಂಟು ಅಂದರೆ ನಡುಮಧ್ಯಾಹ್ನ ಕಳೆದು ಎರಡು ತಾಸು.

"ನೀನು... ನೀನು ಯಾವ ದೇಶದವಳಮ್ಮಾ?"

"ಯಾವ ದೇಶ ಅಂದ್ರೆ? ಮಕೇಟೆಯವಳು ಬಿ, ಬೆಟ್ಟದ ಕಡೆಯವಳು. ಸಾಂಗಾ ಮನೆತನ. ನಮ್ಮಮ್ಮನ ಹೆರಿಗೆ ಮಾಡಿಸಿದ ಪರದೇಶದ ನರ್ಸಮ್ಮನ ಹೆಸರು ನಂಗಿಟ್ಟಿದ್ದು. ಯಾಕೆ?"

"ದೋಣಿ ಎರಡಕ್ಕೆ!" ಮ್ವಾನಕೊಂಬೊ ಕಿರುಚಿದಳು. "ಇವತ್ತಿನ ಎರಡಕ್ಕೆ, ಇನ್ನರ್ಧ ತಾಸಿಗೆ! ತಿಂಡಿ ಬಿಡು, ಪೆಟ್ಟಿಗೆ ಹಿಡ್ಕೊಂಡು ರಸ್ತೆಗೆ ಬಾ. ಚಾಂದೆ ಅಂತ ಬೈಕಿನವನು ಬರ್ತಾನೆ, ಬಾಡಿಗೆ ಮಾತಾಡ್ಬೇಡ, ಹತ್ತು!"

ಕಿಬಿಟಿಯಲ್ಲೇ ಇದ್ದ ಚಾಂದೆಗೆ ಫೋನು ಮಾಡಿ ಎರಡೇ ಮಾತಿನಲ್ಲಿ ಕೆಲಸ ಹಚ್ಚಿದಳು. ಕಿಬಿಟಿಯಿಂದ ಕಟ್ಟೆಗೆ ಬೈಕಿನಲ್ಲಿ ಒಂದು ತಾಸಿಗೆ ಕಡಿಮೆಯಿಲ್ಲದ ಮಣ್ಣುದಾರಿ. ಆಕೆ ಒಲೆ ಆರಿಸಿ, ಕಾಂಗಾ ಬಟ್ಟೆಯನ್ನು ಸೊಂಟಕ್ಕೆ ಬಿಗಿದು ದೋಣಿಯ ಕಡೆ ನಡೆದಳು.

ಶೊಮಾರಿ ದೋಣಿಯ ಯಜಮಾನ. ಅವನ ಕುಲಕ್ಕೂ ಆಕೆಯ ಕುಲಕ್ಕೂ ತಾತಂದಿರ ಕಾಲದಿಂದ ಛೇಡಿಸುವ ನಂಟು, ಎಷ್ಟು ಆಡಿಕೊಂಡರೂ ಸಿಟ್ಟಾಗುವ ಹಾಗಿಲ್ಲ. ಹಾಗಾಗಿ ಅವನಿಗೆ ಆ ಬೆಳಿಗ್ಗೆ ಹಬ್ಬವೇ ಸಿಕ್ಕಿತು.

"ಕಾಯ್ಬೇಕಾ? ಹೇಳಿದ ಹೊತ್ತು ಅಂದ್ರೆ ಹೇಳಿದ ಹೊತ್ತೇ ಅಂತ ಮೂವತ್ತು ವರ್ಷದಿಂದ ಊರಿಗೆಲ್ಲ ಸಾರ್ತಾ ಇರೋಳು ಯಾರು?"

"ನಾನೇ. ಇವತ್ತು ಕಾಯಿ."

"ಯಾಕೆ ಅಂತ ಹೇಳು. ನಂಗಲ್ಲ, ಇವರಿಗೆಲ್ಲ ಕೇಳೋ ಹಾಗೆ ಹೇಳು. ಹೇಳಿದ್ರೆ ನೀರಲ್ಲಿ ದೋಣಿ ಕಟ್ಟೋ ಆ ಎರಡನೇ ಕಂಬದ ಬುಡ ಕಾಣೋ ತನಕ ನಿಲ್ತೀನಿ. ಆಮೇಲೆ ನಿಮ್ಮಪ್ಪ ಎದ್ದು ಬಂದ್ರೂ ನಿಲ್ಲಲ್ಲ."

ದೋಣಿಯಲ್ಲಿ ನಲವತ್ತು ಜನ. ಎಲ್ಲರೂ ಆಕೆಯ ಚಹಾ ಕುಡಿದವರು, ಆಕೆಯ ಬಾಯಲ್ಲಿ ಬೈಸಿಕೊಂಡವರು. ಮ್ವಾನಕೊಂಬೊಳ ಮುಖ ಬಿಸಿಯೇರಿತು. ಸುಳ್ಳು ಹೇಳಬಹುದಿತ್ತು. ಚಾಂದೆಯ ಬೈಕು ಕೆಟ್ಟಿದೆ, ದಾರಿಯಲ್ಲಿ ಮರ ಬಿದ್ದಿದೆ, ಏನು ಬೇಕಾದರೂ. ನಾಳೆ ಅಕ್ಕ ಶುಂಗುನಿಯ ಆಸ್ಪತ್ರೆ ಜಗಲಿಯಲ್ಲಿ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು ಕೂತಿರುತ್ತಾಳೆ ಎಂದು ನೆನಪಾಯಿತು. ಮೂಟೆಯೊಂದರ ಮೇಲೆ ಹತ್ತಿ ನಿಂತಳು.

"ಕೇಳಿ ಎಲ್ರೂ! ತಪ್ಪಾಯ್ತು. ಡಾಕ್ಟರಮ್ಮಂದಲ್ಲ, ನನ್ನದು. ಅವಳ ಹೆಸರು ಕೇಳಿ, ಬೆಟ್ಟದ ಕಡೆ ಸ್ವಾಹಿಲಿ ಕೇಳಿ, ಪರದೇಶದವಳು ಅಂದ್ಕೊಂಡೆ. ಕೇಳ್ದೇನೇ ಆರು ಕೂಡಿಸಿಬಿಟ್ಟೆ. ಅಲ್ಲಿ ಹನ್ನೊಂದು ಜನ ಕಣ್ಣಿಲ್ದೆ ಕೂತಿದಾರೆ. ಬೈಯೋರು ನನ್ನ ಬೈರಿ, ಆದ್ರೆ ಕೂತ್ಕೊಂಡೇ ಬೈರಿ, ದೋಣಿ ಬಿಡೋದು ಬೇಡ."

ಕೋಳಿಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಮುದುಕಿ, "ನಮ್ಮ ಯಜಮಾನ್ರೂ ಆ ಹನ್ನೊಂದರಲ್ಲಿ ಒಬ್ರು. ನಾನಂತೂ ಏಳಲ್ಲ," ಎಂದಳು. ಹಿಂದಿನಿಂದ ಯಾರೋ, "ಬಿ, ಹಾಗಾದ್ರೆ ಚಹಾನಾದ್ರೂ ತರಿಸು!" ಎಂದು ಕೂಗಿದರು. ನಗು ಎದ್ದಿತು. ಮ್ವಾನಕೊಂಬೊ ನಲವತ್ತು ಜನಕ್ಕೂ ಚಹಾ ಕೊಟ್ಟಳು. ಆ ದಿನ ಯಾರ ಹತ್ತಿರವೂ ಕಾಸು ಕೇಳಲಿಲ್ಲ ಎಂದು ಶೊಮಾರಿ ಇವತ್ತಿಗೂ ಆಣೆಯಿಟ್ಟು ಹೇಳುತ್ತಾನೆ.

ನೀರು ಇಳಿಯತೊಡಗಿತು. ಮೊದಲನೆಯ ಕಂಬದ ಬುಡ ಕಂಡಿತು. ಏಡಿಗಳು ಹೊರಬಂದು ಓಡಾಡಿದವು. ಎರಡನೆಯ ಕಂಬದ ಸುತ್ತ ಕೆಸರಿನ ಉಂಗುರ ಎದ್ದಿತು. ಶೊಮಾರಿ ಛೇಡಿಸುವುದನ್ನು ನಿಲ್ಲಿಸಿ ನೀರನ್ನೇ ನೋಡುತ್ತಿದ್ದ. ದೋಣಿಯ ಹಿಂಭಾಗ ಒಮ್ಮೆ ನೆಲಕ್ಕೆ ತಾಗಿ ಗರಕ್ಕೆಂದಿತು. ಆಗ ಕಾಂಡ್ಲಾ ಮರಗಳ ಆಚೆ ಬೈಕಿನ ಸದ್ದು ಕೇಳಿಸಿತು.

ಕೆಂಪು ಧೂಳಿನಲ್ಲಿ ಮುಳುಗಿದ, ಮೂವತ್ತೈದರ ಗಟ್ಟಿ ಹೆಂಗಸು ಪೆಟ್ಟಿಗೆ ಅಪ್ಪಿಕೊಂಡು ಇಳಿದಳು. ಕಾಲಲ್ಲಿ ಪಾಲಿಶ್ ಮಾಡಿದ ಶೂ. ಅಷ್ಟು ಅವಸರದಲ್ಲೂ ಮ್ವಾನಕೊಂಬೊಳ ಎದುರು ನಿಂತು, ತಲೆ ತಗ್ಗಿಸಿ, "ಶಿಕಮೋ ಬಿ," ಎಂದಳು.

"ಮರಹಬಾ ಮಗಳೇ, ಮರಹಬಾ! ಶೂ ಬಿಚ್ಚು!"

ಶೊಮಾರಿ ಗಂಡಸರನ್ನೆಲ್ಲ ಇಳಿಸಿದ. ಸಾಲದೆ ಹೆಂಗಸರೂ ಇಳಿದರು. ಡಾಕ್ಟರು ಪೆಟ್ಟಿಗೆಯನ್ನು ದೋಣಿಯಲ್ಲೇ ಉಳಿದ ಕೋಳಿಯಜ್ಜಿಯ ತೊಡೆಗೆ ಕೊಟ್ಟು, ಪ್ಯಾಂಟು ಮಡಚಿ ಕೆಸರಿಗಿಳಿದಳು. ಆಕೆಯ ಪಕ್ಕದಲ್ಲೇ ಮ್ವಾನಕೊಂಬೊ ಮೊಣಕಾಲು ಹೂತು, ಹೆಗಲು ಕೊಟ್ಟು ತಳ್ಳಿದಳು.

"ಯೂರೋಪಿನವಳು ಅಂದ್ಕೊಂಡ್ರಾ ಬಿ?" ಡಾಕ್ಟರು ಏದುಸಿರಿನ ನಡುವೆ ಕೇಳಿದಳು.

"ನಿನ್ನ ಸ್ವಾಹಿಲಿ ಹಾಗಿದೆ, ನಾನೇನ್ ಮಾಡ್ಲಿ? ತಳ್ಳು!"

ಮೂರನೆಯ ಸಲಕ್ಕೆ ದೋಣಿ ಜಾರಿ ನೀರು ಸೇರಿತು. ಜನ ಒಬ್ಬರನ್ನೊಬ್ಬರು ಎಳೆದು ಹತ್ತಿಸಿಕೊಂಡರು. ಅದು ತಿರುವಿನಲ್ಲಿ ಮರೆಯಾಗುವ ತನಕ ಮ್ವಾನಕೊಂಬೊ ಕೆಸರಿನಲ್ಲೇ ನಿಂತಿದ್ದಳು. ಮನಸ್ಸು ಎಷ್ಟೋ ದಿನಗಳಿಂದ ಇಲ್ಲದಷ್ಟು ಹಗುರವಾಗಿತ್ತು.

ಅಂದಿನಿಂದ ಆಕೆಯ ಕಾನೂನು ಬದಲಾಯಿತು. ದೋಣಿ ಎಷ್ಟಕ್ಕೆ ಎಂದು ಯಾರು ಕೇಳಿದರೂ, ಮಂತ್ರಿ ಕೇಳಿದರೂ, "ಮೊದಲು ಹೇಳು, ಯಾರ ಗಡಿಯಾರ ನಿಂದು?" ಎನ್ನುತ್ತಾಳೆ. ದನಿಯಲ್ಲಿ ಮಾತ್ರ ಅಳುಕೇನೂ ಇಲ್ಲ. ಈ ಪ್ರಶ್ನೆಯನ್ನು ತಾನೇ ಕಂಡುಹಿಡಿದದ್ದು ಎಂಬಂತೆ ಹೇಳುತ್ತಾಳೆ.

ಎರಡು ವಾರ ಕಳೆದ ಮೇಲೆ, ಒಂದು ಶುಕ್ರವಾರ ಶುಂಗುನಿಯಿಂದ ಬಂದ ದೋಣಿಯಿಂದ ಬಿ ಮಿಜೆ ಇಳಿದಳು. ಕೈ ಹಿಡಿಯಲು ಬಂದವರನ್ನು ಗದರಿಸಿ, ಬಟ್ಟೆ ಎತ್ತಿ ಹಿಡಿದು, ನೀರಿನಲ್ಲಿ ತಾನೇ ಕಾಲಿಡುವ ಜಾಗ ನೋಡಿಕೊಂಡು ದಡಕ್ಕೆ ಬಂದಳು. ಮ್ವಾನಕೊಂಬೊ ಸೌಟು ಕೆಳಗಿಟ್ಟು ಓಡಿದಳು. ಅಕ್ಕ ಆಕೆಯನ್ನು ತೋಳಳತೆಯಲ್ಲಿ ಹಿಡಿದು ನಿಲ್ಲಿಸಿ ನೋಡಿದಳು, ಮತ್ತೆ ನೋಡಿದಳು.

"ಅಯ್ಯೋ, ಇದ್ಯಾವ ಮುದುಕಿಯೇ ನೀನು? ಹಲ್ಲೆಲ್ಲಿ? ಈ ಸುಕ್ಕೆಲ್ಲ ಯಾವಾಗ ಬಂತು? ಊರಿಗೆಲ್ಲ ಎಲ್ಲಾ ಹೇಳೋಳು, ನಂಗೆ ಇದೊಂದು ಹೇಳ್ಬಾರ್ದಿತ್ತಾ?"

ಮ್ವಾನಕೊಂಬೊಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ತಡೆಯಲಿಲ್ಲ. "ನಿನ್ನ ಗಡಿಯಾರ ಹಿಂದೆ ಉಳಿದಿತ್ತು ಅಕ್ಕಾ. ಆರು ವರ್ಷ ಕೂಡಿಸ್ಕೋ, ಸರಿಹೋಗುತ್ತೆ."

"ಕೂಡಿಸೋದೆಲ್ಲ ನೀನೇ ಇಟ್ಕೋ," ಎಂದಳು ಬಿ ಮಿಜೆ. ತಂಗಿಯ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. "ಅಲ್ಲಾಡ್ಬೇಡ. ನಾನಿನ್ನೂ ನೋಡಿ ಮುಗಿಸಿಲ್ಲ."