ಹಿಂದಕ್ಕೆ ತಳ್ಳಿದ ಸೀಟು

ಎದುರುಮನೆಯ ಅಂಚೆಡಬ್ಬಿಯ ಇಟ್ಟಿಗೆ ಕಂಬಕ್ಕೆ ಕಾರು ಗುದ್ದಿದ್ದು ನಾನು, ಸುಹಾಸ್. ನೀನಲ್ಲ. ಗುದ್ದಿದ ಮೇಲೆ ಡ್ರೈವರ್ ಸೀಟನ್ನು ನಿನ್ನ ಉದ್ದ ಕಾಲಿಗೆ ಸರಿಹೋಗುವಷ್ಟು ಹಿಂದಕ್ಕೆ ತಳ್ಳಿ ಇಳಿದವಳೂ ನಾನೇ. ಮೊದಲನೆಯದು ಗೊತ್ತಿಲ್ಲದೆ ಆಗಿಹೋಯಿತು. ಎರಡನೆಯದು — ಎರಡನೆಯದನ್ನು ಯೋಚಿಸಿಯೇ ಮಾಡಿದೆ.

ಎರಡು ಸಾವಿರದ ಐದೋ ಆರೋ ಇರಬೇಕು. ನಿನಗೂ ಸ್ಮಿತಾಗೂ ಆಗ ಹದಿನೇಳು. ಊರಂಚಿನ ತಕಾನಿನಿಯ ಹೊಸ ಬಡಾವಣೆಗೆ ಬಂದು ವರ್ಷ ತುಂಬಿರಲಿಲ್ಲ; ಮನೆಯೊಳಗೆ ಇನ್ನೂ ಬಣ್ಣದ ವಾಸನೆ. ನೀವು ಹುಟ್ಟಿದ್ದು ಒಂದೇ ದಿನ, ಕಾಲು ಗಂಟೆಯ ಅಂತರದಲ್ಲಿ. ಲೈಸೆನ್ಸ್ ತಂದದ್ದೂ ಒಂದೇ ದಿನ. ಅಪ್ಪ ನಿಮ್ಮಿಬ್ಬರಿಗೆಂದು ಹಳೆಯ ಬಿಳಿ ಕಾರೊಂದನ್ನು ಕೊಂಡು, ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್‌ಗೆ ಹಾಕಿದರು. ಮಗಳ ಹೆಸರು ಹೇಳಿದಾಗ ಒಂದು ರೇಟು. ಮಗನ ಹೆಸರು ಸೇರಿಸಿದ ಕೂಡಲೇ ಫೋನಿನಲ್ಲಿದ್ದ ಹೆಂಗಸು ಬೇರೆಯದೇ, ಇನ್ನೂ ಜಾಸ್ತಿ ರೇಟು ಹೇಳಿದಳು. ಅದೇ ಕಾರು, ಅದೇ ಮನೆ, ಅದೇ ಹುಟ್ಟಿದ ದಿನ.

“ಇದ್ಯಾವ ನ್ಯಾಯ ರೀ? ಇವನು ಇನ್ನೂ ಕೀ ತಿರುಗಿಸಿಲ್ಲ, ಆಗ್ಲೇ ಗುದ್ದಿಬಿಟ್ಟ ಅಂತ ತೀರ್ಮಾನ ಮಾಡ್ಬಿಟ್ರಾ?” ಎಂದು ನಾನು ಅಡುಗೆಮನೆಯಿಂದಲೇ ಕೂಗಿದೆ.

“ಸುಮ್‌ಸುಮ್ನೆ ಹೇಳ್ತಾರೇನೇ? ಎಲ್ಲಾ ಲೆಕ್ಕ ಹಾಕಿರ್ತಾರೆ. ಗಂಡುಹುಡುಗ್ರು ಓಡ್ಸೋದೇ ಹಾಗೆ,” ಎಂದರು ಅಪ್ಪ. ಎಂಜಿನಿಯರ್ ಅಲ್ಲವೇ, ಲೆಕ್ಕ ಎಂದರೆ ಮುಗಿಯಿತು ಅವರಿಗೆ.

ಸ್ಮಿತಾ, “ಸೀ, ಇಟ್ಸ್ ಅಫಿಶಿಯಲ್! ಗರ್ಲ್ಸ್ ಆರ್ ಬೆಟರ್,” ಎಂದು ನಿನ್ನ ತಲೆಗೆ ಮೊಟಕಿದಳು. ನೀನು ನಕ್ಕೆ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ದೇವಸ್ಥಾನದಲ್ಲಿ, ಸ್ಯಾಂಡ್ರಿಂಗಮ್‌ನ ನಮ್ಮವರ ದಿನಸಿ ಅಂಗಡಿಯಲ್ಲಿ, ಸಿಕ್ಕಸಿಕ್ಕ ಆಂಟಿಯರ ಮುಂದೆಲ್ಲ ನನ್ನ ಮಗನಿಗಾದ ಅನ್ಯಾಯವನ್ನು ಹೇಳಿಕೊಂಡು ತಿರುಗಿದೆ. ಅಷ್ಟು ದೊಡ್ಡ ಬಾಯಿ ನನ್ನದು — ಅದನ್ನೂ ಇಲ್ಲಿ ಬರೆದಿಡಬೇಕು.

ನನ್ನ ಹತ್ತಿರ ಇದ್ದದ್ದು ಲರ್ನರ್ ಲೈಸೆನ್ಸ್. ಪಕ್ಕದಲ್ಲಿ ಪೂರ್ತಿ ಲೈಸೆನ್ಸ್ ಇದ್ದವರು ಕೂರದೆ ನಾನು ಕಾರು ಮುಟ್ಟುವ ಹಾಗಿರಲಿಲ್ಲ. ಅಪ್ಪ ಕೂತರೆ ಬರೀ ಕೂಗಾಟ — “ಬ್ರೇಕು, ಬ್ರೇಕು, ಅಯ್ಯೋ ಬ್ರೇಕು ಕಣೇ!” ಆ ಶನಿವಾರ ಮಧ್ಯಾಹ್ನ ಅವರು ತಮ್ಮ ಕಾರಿನಲ್ಲಿ ಸ್ಮಿತಾಳನ್ನು ಭರತನಾಟ್ಯದ ಕ್ಲಾಸಿಗೆ ಕರೆದುಕೊಂಡು ಹೋಗಿದ್ದರು. ನೀನು ಬಿಳಿ ಕಾರಿನಲ್ಲಿ ಕ್ರಿಕೆಟ್‌ಗೆ ಹೋಗಿ ಬಂದು, ಉಂಡು ಮಲಗಿದ್ದೆ. ರಿವರ್ಸ್ ಒಂದನ್ನಾದರೂ ಕಲಿತುಬಿಡೋಣ ಎಂದು ನಾನು ಸೀಟನ್ನು ಮುಂದಕ್ಕೆಳೆದುಕೊಂಡು, ಕನ್ನಡಿಯನ್ನು ನನ್ನ ಎತ್ತರಕ್ಕೆ ಬಗ್ಗಿಸಿ, ಕಾರನ್ನು ಹಿಂದಕ್ಕೆ ಬಿಟ್ಟೆ. ಬ್ರೇಕ್ ಎಂದು ನಾನು ಒತ್ತಿದ್ದು ಬ್ರೇಕ್ ಆಗಿರಲಿಲ್ಲ. ಕಾರು ರಸ್ತೆ ದಾಟಿ ಎದುರುಮನೆಯ ಇಟ್ಟಿಗೆ ಕಂಬಕ್ಕೆ ಬಡಿಯಿತು. ಕಂಬ ವಾಲಿತು, ಹಿಂದಿನ ಕೆಂಪು ದೀಪ ಪುಡಿಯಾಯಿತು.

ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಾರನ್ನು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸಿದೆ. ಕೆಂಪು ಚೂರುಗಳನ್ನೆಲ್ಲ ದುಪಟ್ಟಾದಲ್ಲಿ ಬಾಚಿಕೊಂಡು ಬಂದು, ಕಸದ ಡಬ್ಬಿಯಲ್ಲಿ ಸೌತೆಕಾಯಿ ಸಿಪ್ಪೆಯ ಕೆಳಗೆ ತುರುಕಿದೆ. ಆಮೇಲೆ ವಾಪಸ್ ಹೋಗಿ ಸೀಟನ್ನು ಹಿಂದಕ್ಕೆ ತಳ್ಳಿದೆ. ಯಾರ ಮೇಲೆ ಅನುಮಾನ ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಸ್ಪೀಕರ್ ಫೋನಿನಲ್ಲಿ ಕೇಳಿಸಿಕೊಂಡಿದ್ದೆನಲ್ಲ.

ಸಂಜೆ ಎದುರುಮನೆಯ ಮುದುಕ ಗ್ರಹಾಂ ಬಂದ. ಇಟ್ಟಿಗೆಗೆ ನಮ್ಮ ಕಾರಿನ ಬಿಳಿ ಬಣ್ಣ ಮೆತ್ತಿಕೊಂಡಿತ್ತು. ಅವನು ಮಧ್ಯಾಹ್ನ ಮನೆಯಲ್ಲೇ ಇರಲಿಲ್ಲ, ಏನನ್ನೂ ನೋಡಿರಲಿಲ್ಲ. ಆದರೂ, “ಯುವರ್ ಬಾಯ್, ಐ ರೆಕನ್,” ಎಂದ — ಕೋಪವೇನೂ ಇಲ್ಲದೆ. ಅಪ್ಪ ಕಾರಿನ ಬಾಗಿಲು ತೆಗೆದು ಸೀಟು ನೋಡಿದರು. ಅಷ್ಟೇ ಸಾಕಾಯಿತು.

“ಐ ಡಿಡಂಟ್,” ಎಂದೆ ನೀನು. ಎರಡು ಸಲ ಎಂದೆ. ಅಪ್ಪ ನಿನ್ನನ್ನು, ಟವೆಲ್ ಇಡುವ ಕಪಾಟಿನಲ್ಲಿ ನಾವು ಮಾಡಿಕೊಂಡಿದ್ದ ದೇವರಮನೆಯ ಮುಂದೆ ನಿಲ್ಲಿಸಿದರು. “ದೀಪ ಮುಟ್ಟಿ ಹೇಳು, ನಾನಲ್ಲ ಅಂತ. ನಂಬ್ತೀನಿ.”

ನೀನು ದೀಪ ನೋಡಿದೆ, ಅಪ್ಪನನ್ನು ನೋಡಿದೆ. “ಯು ಹ್ಯಾವಂಟ್ ಆಸ್ಕ್ಡ್ ಎನಿವನ್ ಎಲ್ಸ್,” ಎಂದೆ. ಕೈ ಕಟ್ಟಿಕೊಂಡೇ ನಿಂತೆ.

“ಮುಟ್ಟಲ್ಲ, ನೋಡಿದ್ಯಾ?” ಎಂದರು ಅಪ್ಪ ನನ್ನ ಕಡೆ ತಿರುಗಿ.

ಆ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಹೊಸೆದು ಹಚ್ಚಿದವಳು ನಾನು. ಎರಡು ಹೆಜ್ಜೆ ದೂರದಲ್ಲಿದ್ದೆ. ಒಂದು ಮಾತು ಸಾಕಿತ್ತು. ಅಪ್ಪ ನನ್ನನ್ನು ಕೇಳಲೂ ಇಲ್ಲ. ಕಾರು ಓಡಿಸುವವರ ಪಟ್ಟಿಯಲ್ಲಿ ನಾನಿರಲೇ ಇಲ್ಲವಲ್ಲ! ಹೇಳಿದರೆ ನಗುತ್ತೀಯ, ಆ ಹೊತ್ತಿನಲ್ಲೂ ನನಗೆ ಒಂದಿಷ್ಟು ಅವಮಾನವಾಯಿತು.

ಪಾಲಿಸಿಯಿಂದ ನಿನ್ನ ಹೆಸರು ತೆಗೆಸಿದರು. ಕೀ ಸ್ಮಿತಾಳ ಕೈಗೆ ಹೋಯಿತು. ನೀನು ಕ್ರಿಕೆಟ್ ಚೀಲ ಹೊತ್ತು ಬಸ್ಸಿಗೆ ಕಾಯುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಇಲ್ಲೇ ಓದಬಹುದಾಗಿದ್ದವನು ದೂರದ ವೆಲಿಂಗ್ಟನ್‌ಗೆ ಹೊರಟೆ, ಜಾನ್ಸನ್‌ವಿಲ್‌ನಲ್ಲಿ ಫ್ಲ್ಯಾಟ್‌ಮೇಟ್‌ಗಳ ಜೊತೆ ಇದ್ದೆ, ಅಲ್ಲೇ ಉಳಿದೆ. ಕಾರಣವನ್ನು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ.

ಇನ್ನೊಂದು ಇದೆ. ಮಾರನೆಯ ಬೆಳಿಗ್ಗೆ, ಕಾರನ್ನು ಗ್ಯಾರೇಜಿನೊಳಗೆ ಹಾಕು ಎಂದು ಅಪ್ಪ ನಿನಗೆ ಹೇಳಿದರು. ನಾನು ಕಾರಿನ ಹಿಂದೆ, ರಸ್ತೆಯಂಚಿನಲ್ಲಿ ನಿಂತಿದ್ದೆ. ನೀನು ಕೂತೆ, ನಿನ್ನ ಕೈ ಕನ್ನಡಿಗೆ ಹೋಯಿತು — ಅಲ್ಲೇ ನಿಂತಿತು. ಸೀಟು ನೆನಪಿದ್ದವಳಿಗೆ ಕನ್ನಡಿ ಮರೆತುಹೋಗಿತ್ತು. ಅದಿನ್ನೂ ನನ್ನ ಎತ್ತರಕ್ಕೇ ಬಗ್ಗಿತ್ತು. ನೀನು ಅದನ್ನು ಸರಿಮಾಡಿಕೊಂಡು, ಅದರೊಳಗಿಂದ ನನ್ನನ್ನು ನೋಡಿದೆ. ಆಮೇಲೆ ಕಾರನ್ನು ಒಳಗೆ ಹಾಕಿದೆ.

ಅಂದಿನಿಂದ ನಿನ್ನ ಮೇಲೆ ನನಗೆ ಅನುಮಾನ. ಇವನಿಗೆ ಗೊತ್ತಿದೆಯೇ? ಗೊತ್ತಿದ್ದರೆ ಯಾಕೆ ಬಾಯಿ ಬಿಡುವುದಿಲ್ಲ? ಯಾವತ್ತಿಗೆಂದು ಇಟ್ಟುಕೊಂಡಿದ್ದಾನೆ? ನೀನು ಫೋನಿನಲ್ಲಿ “ಯು ಓಕೆ, ಅಮ್ಮ?” ಎಂದರೆ ಸಾಕು, ಆ ಮಾತಿನ ಎಳೆ ಎಳೆ ಬಿಡಿಸಿ ನೋಡುತ್ತಿದ್ದೆ. ತಪ್ಪು ಮಾಡಿದವಳು ನಾನು, ಕಾವಲು ಕೂತದ್ದು ನಿನ್ನ ಮೇಲೆ. ಥೂ, ನನ್ನ ಬುದ್ಧಿಗಿಷ್ಟು!

ಆ ಇನ್ಶೂರೆನ್ಸ್‌ನವರ ರೇಟು ನ್ಯಾಯವೋ ಅನ್ಯಾಯವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಎಷ್ಟೋ ಹುಡುಗರು ಗುದ್ದಿರಬಹುದು, ಅವರ ಲೆಕ್ಕ ಸರಿಯೇ ಇರಬಹುದು. ಆದರೆ ಅವರಿಗೆ ನಿನ್ನ ಪರಿಚಯವಿರಲಿಲ್ಲ, ಸುಹಾಸ್. ನನಗಿತ್ತು.

ಹೋದ ತಿಂಗಳು ನೀನು ಬಂದಾಗ, ಕೊತ್ತಂಬರಿ ಸೊಪ್ಪು ತಂದುಕೊಡು ಎಂದು ನಮ್ಮ ಕಾರಿನ ಕೀ ಕೊಟ್ಟೆ. ನೀನು ಹತ್ತುವ ಮುಂಚೆ ಫೋನ್ ತೆಗೆದು ಕಾರಿನ ನಾಲ್ಕೂ ಬದಿಯ ಫೋಟೋ ತೆಗೆದೆ. ಬಾಗಿ, ಹಿಂದಿನ ದೀಪದ್ದನ್ನು ಎರಡೆರಡು ಸಲ. ಇದೇನೋ ಇದು ಎಂದು ನಾನು ಕೇಳಿದ್ದಕ್ಕೆ, “ಜಸ್ಟ್ ಇನ್ ಕೇಸ್, ಅಮ್ಮ,” ಎಂದು ನೀನು ನಕ್ಕೆ. ನಿನ್ನ ತಲೆಯಲ್ಲಿ ನರೆ ಕಾಣಿಸಿಕೊಂಡಿದೆ. ತಾಯಿಯ ಮನೆಯಲ್ಲಿ ಈಗಲೂ ನಿನಗೆ ಸಾಕ್ಷಿ ಬೇಕು. ನಾನು ಒಳಗೆ ಬಂದು ನಲ್ಲಿ ಬಿಟ್ಟುಕೊಂಡು ಅತ್ತೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಬರೆದೂ ಬಚ್ಚಿಡುವ ಉಪಾಯವಿದು — ನನ್ನನ್ನು ನಾನು ಇಷ್ಟು ವರ್ಷಗಳಲ್ಲಿ ಅಷ್ಟಾದರೂ ಬಲ್ಲೆ. ಅದಕ್ಕೇ ನಿನ್ನೆ ಫೋನ್ ಮಾಡಿ, ಈ ಭಾನುವಾರ ಬಂದು ಹೋಗು ಎಂದೆ. ನೀನು ಗಾಬರಿಯಾಗಿ ಯಾಕೆ ಎಂದೆ. ಬಾ, ಹೇಳುತ್ತೇನೆ ಎಂದೆ ನಾನು.

ನಿನಗೆ ಆಗಲೇ ಗೊತ್ತಿತ್ತೇ ಎಂದು ನಾನು ಕೇಳುವುದಿಲ್ಲ. ಕ್ಷಮಿಸು ಎಂದು ಕೈಯೊಡ್ಡಿ ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸುವುದೂ ಇಲ್ಲ. ಅಪ್ಪನನ್ನೂ ಸ್ಮಿತಾಳನ್ನೂ ಎದುರಿಗೆ ಕೂರಿಸಿಕೊಂಡು, ಇದನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದುತ್ತೇನೆ. ಓದುವ ಮೊದಲು ಆ ದೀಪ ಮುಟ್ಟುತ್ತೇನೆ — ಮುಟ್ಟು ಎಂದು ನನಗೆ ಯಾರೂ ಹೇಳದಿದ್ದರೂ.